ಒಂದೇ ಇಡ್ಲಿ, ಮೂರು ದಾರಿ: ವ್ಯಾಪಾರ ತಂತ್ರ ಮತ್ತು ಸ್ಪರ್ಧಾತಂತ್ರಗಳ ಸಮಗ್ರ ಮಾರ್ಗದರ್ಶಿ

ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ ಒಂದೇ ರಸ್ತೆಯಲ್ಲಿ ನಾಲ್ಕಾರು ತಿಂಡಿ ಹೋಟೆಲ್ ಸಿಗುತ್ತವೆ. ಎಲ್ಲ ಕಡೆಯೂ ಇಡ್ಲಿ, ವಡೆ, ದೋಸೆ, ಖಾರಾಬಾತ್, ಕಾಫಿ. ಆದರೂ ಒಂದರ ಮುಂದೆ ಬೆಳಗ್ಗೆ ಏಳಕ್ಕೇ ಜನ ನಿಂತಿರುತ್ತಾರೆ, ಪಕ್ಕದ್ದು ವರ್ಷ ತುಂಬುವ ಮೊದಲೇ ಬಾಗಿಲು ಹಾಕುತ್ತದೆ. ರುಚಿಯೇ ಕಾರಣ ಅಂತ ಹೇಳಿಬಿಡುವುದು ಸುಲಭ. ಆದರೆ ರುಚಿ ಚೆನ್ನಾಗಿದ್ದೂ ಮುಚ್ಚಿಹೋದ ಹೋಟೆಲ್‌ಗಳು ಬೇಕಾದಷ್ಟಿವೆ. ಅಲ್ಲಿ ಎಡವಟ್ಟಾಗಿದ್ದು ಹೆಚ್ಚಾಗಿ ತಂತ್ರದಲ್ಲಿ.

ವ್ಯಾಪಾರ ತಂತ್ರ ಅನ್ನುವುದು ಎಂಬಿಎ ಓದಿದವರ ಸೊತ್ತು ಅನ್ನೋ ಭಾವನೆ ನಮ್ಮಲ್ಲಿದೆ. ಹಾಗೇನಿಲ್ಲ. ತಿಂಡಿ ಹೋಟೆಲನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಹಂತ ಹಂತವಾಗಿ ನೋಡೋಣ. ನಿಮ್ಮದು ಬಟ್ಟೆ ಅಂಗಡಿ ಆಗಿರಲಿ, ಸಾಫ್ಟ್‌ವೇರ್ ಕಂಪನಿ ಆಗಿರಲಿ, ಲೆಕ್ಕ ಹಾಕುವ ರೀತಿ ಇದೇ.

ಮೊದಲಿಗೆ, ತಂತ್ರ ಅಂದರೇನು?

ಮೂರು ಪ್ರಶ್ನೆ ಕೇಳಿಕೊಳ್ಳಿ. ನಾವು ಯಾರಿಗೆ ಮಾರುತ್ತೇವೆ? ಅವರು ಪಕ್ಕದ ಅಂಗಡಿ ಬಿಟ್ಟು ನಮ್ಮಲ್ಲಿಗೆ ಯಾಕೆ ಬರಬೇಕು? ಅದಕ್ಕೋಸ್ಕರ ನಾವು ಏನೇನು ಮಾಡುವುದಿಲ್ಲ? ಈ ಮೂರಕ್ಕೂ ಒಂದಕ್ಕೊಂದು ಹೊಂದುವ ಉತ್ತರ ಸಿಕ್ಕರೆ ಅದೇ ನಿಮ್ಮ ತಂತ್ರ. ಮೊದಲ ಎರಡಕ್ಕೆ ಎಲ್ಲರ ಹತ್ತಿರವೂ ಏನೋ ಒಂದು ಉತ್ತರ ಇರುತ್ತದೆ. ಮೂರನೆಯದು ಬಂದಾಗ ಮಾತು ನಿಲ್ಲುತ್ತದೆ. ನನ್ನನ್ನು ಕೇಳಿದರೆ ಇಡೀ ವಿಷಯ ನಿಂತಿರುವುದೇ ಆ ಮೂರನೆಯದರ ಮೇಲೆ.

"ಮುಂದಿನ ವರ್ಷ ಇನ್ನೆರಡು ಬ್ರಾಂಚ್ ತೆರೆಯುತ್ತೇವೆ" ಅನ್ನುವುದು ಗುರಿ. "ಬಿಲ್ಲಿಂಗ್ ಮೆಷಿನ್ ಹಾಕಿಸುತ್ತೇವೆ, ಕ್ಯೂಆರ್ ಕೋಡ್ ಇಡುತ್ತೇವೆ" ಅನ್ನುವುದು ಸುಧಾರಣೆ. ಎರಡೂ ಬೇಕು. ಆದರೆ ಮೆಷಿನ್ ಅನ್ನು ಎದುರಿನವನೂ ನಾಳೆಯೇ ತರಬಹುದು. ಆಮೇಲೆ ಇಬ್ಬರೂ ಮತ್ತೆ ಸಮ.

ದೊಡ್ಡ ಕಂಪನಿಗಳಲ್ಲಿ ತಂತ್ರಕ್ಕೆ ಮೂರು ಮಟ್ಟ ಹೇಳುತ್ತಾರೆ. ಯಾವ ಯಾವ ಉದ್ಯಮಕ್ಕೆ ಕೈಹಾಕಬೇಕು ಅನ್ನುವುದು ಮೇಲಿನ ಮಟ್ಟ. ಆ ಉದ್ಯಮದಲ್ಲಿ ಪೈಪೋಟಿ ಹೇಗೆ ಕೊಡಬೇಕು ಅನ್ನುವುದು ನಡುವಿನದು. ಖರೀದಿ, ಮಾರಾಟ, ನೇಮಕಾತಿ ಹೇಗೆ ನಡೆಯಬೇಕು ಅನ್ನುವುದು ಕೆಳಗಿನದು. ನಾವಿಲ್ಲಿ ಮಾತಾಡುವುದು ನಡುವಿನ ಮಟ್ಟದ ಬಗ್ಗೆ.

ಹಂತ 1: ನಿಮ್ಮ ಲಾಭ ಯಾರ ಕೈಗೆ ಹೋಗುತ್ತಿದೆ ನೋಡಿ

ಪೈಪೋಟಿ ಅಂದ ಕೂಡಲೇ ನಾವು ಎದುರಿನ ಹೋಟೆಲ್ ಕಡೆ ಕಣ್ಣು ಹಾಯಿಸುತ್ತೇವೆ. ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಮೈಕೆಲ್ ಪೋರ್ಟರ್ 1979ರಲ್ಲಿ ಬರೆದ ಒಂದು ಲೇಖನದಲ್ಲಿ, ಲಾಭಕ್ಕೆ ಕೈಹಾಕುವವರು ಐದು ಕಡೆ ಇರುತ್ತಾರೆ ಅಂತ ತೋರಿಸಿದರು. ಈಗಿನ ಎದುರಾಳಿಗಳು, ಹೊಸದಾಗಿ ಬರುವವರು, ಬದಲಿ ವಸ್ತುಗಳು, ಗಿರಾಕಿಗಳು, ಸರಬರಾಜು ಮಾಡುವವರು.

ಹೋಟೆಲಿಗೆ ಇದನ್ನು ಹೊಂದಿಸಿ ನೋಡಿ. ಹೊಸಬರು ಬರುವುದು ಬಹಳ ಸುಲಭ. ಒಂದು ಮಳಿಗೆ, ಒಂದು ಕಾವಲಿ, ಒಬ್ಬ ದೋಸೆ ಮಾಸ್ಟರ್ ಸಿಕ್ಕರೆ ಸಾಕು. ಹಾಗಾಗಿ ಒಂದು ರಸ್ತೆಯಲ್ಲಿ ಒಬ್ಬನಿಗೆ ಚೆನ್ನಾಗಿ ಲಾಭ ಬಂದರೆ, ಸ್ವಲ್ಪ ದಿನದಲ್ಲೇ ಪಕ್ಕದಲ್ಲಿ ಇನ್ನೊಂದು ಬೋರ್ಡ್ ಏಳುತ್ತದೆ. ಸರಬರಾಜು ಮಾಡುವವರು ಅಂದರೆ ಅಕ್ಕಿ, ಉದ್ದಿನಬೇಳೆ ವ್ಯಾಪಾರಿಗಳು ಮಾತ್ರ ಅಂದುಕೊಳ್ಳಬೇಡಿ. ಅವರು ಬೇಕಾದಷ್ಟು ಜನ ಇದ್ದಾರೆ, ಒಬ್ಬರಲ್ಲದಿದ್ದರೆ ಇನ್ನೊಬ್ಬರು. ನಿಜವಾದ ಹಿಡಿತ ಇರುವುದು ಮಳಿಗೆ ಮಾಲೀಕನದು. ನಿಮ್ಮ ಹೋಟೆಲ್ ಓಡುತ್ತಿದೆ ಅಂತ ಗೊತ್ತಾದರೆ ಕರಾರು ಮುಗಿಯುವ ಹೊತ್ತಿಗೆ ಬಾಡಿಗೆ ಏರುತ್ತದೆ. ಆಮೇಲೆ ದೋಸೆ ಮಾಸ್ಟರ್. ಅವನು ಬಿಟ್ಟುಹೋದರೆ ರುಚಿಯೂ ಅವನ ಜೊತೆಗೇ ಹೋಗುತ್ತದೆ. ಈಚೆಗೆ ಈ ಸಾಲಿಗೆ ಫುಡ್ ಆ್ಯಪ್‌ಗಳೂ ಸೇರಿವೆ. ಗಿರಾಕಿಯನ್ನು ತಂದುಕೊಡುವವರೂ ಅವರೇ, ಕಮಿಷನ್ ಹಿಡಿದುಕೊಳ್ಳುವವರೂ ಅವರೇ.

ಬದಲಿ ವಸ್ತುವನ್ನು ಹೆಚ್ಚಿನವರು ಮರೆಯುತ್ತಾರೆ. 2005ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಐಡಿ ಫ್ರೆಶ್, ರುಬ್ಬಿದ ಇಡ್ಲಿ–ದೋಸೆ ಹಿಟ್ಟನ್ನು ಪ್ಯಾಕೆಟ್‌ನಲ್ಲಿ ಮಾರಿತು. ಅದು ಹೋಟೆಲ್ ಅಲ್ಲ, ನಿಮ್ಮ ರಸ್ತೆಯಲ್ಲಿ ಬೋರ್ಡೂ ಇಲ್ಲ. ಆದರೆ ಭಾನುವಾರ ಬೆಳಗ್ಗೆ ಮನೆಯಲ್ಲೇ ದೋಸೆ ಹುಯ್ದುಕೊಂಡವರು ನಿಮ್ಮಲ್ಲಿಗೆ ಬರುವುದಿಲ್ಲವಲ್ಲ!

ಒಂದು ಹಾಳೆಯಲ್ಲಿ ಈ ಐವರ ಹೆಸರು ಬರೆಯಿರಿ. ಎದುರಿಗೆ "ಇವರು ಹೋದ ವರ್ಷ ನನ್ನಿಂದ ಏನು ಕಸಿದರು" ಅಂತ ಬರೆಯಿರಿ. ಯಾರ ಎದುರಿಗೆ ದೊಡ್ಡ ಮೊತ್ತ ಬಂತೋ, ನಿಮ್ಮ ತಂತ್ರ ಮೊದಲು ಅವರಿಗೆ ಉತ್ತರ ಕೊಡಬೇಕು.

ಹಂತ 2: ಒಂದು ಪ್ಲೇಟಿನ ಲೆಕ್ಕ ಬರೆಯಿರಿ

ಇದನ್ನು ಮಾಡದೆ ಮುಂದಿನ ಹಂತಕ್ಕೆ ಹೋಗಬೇಡಿ. ಉದಾಹರಣೆಗೆ ನಾನೇ ಇಟ್ಟುಕೊಂಡ ಅಂಕಿಗಳು ಇವು, ನಿಮ್ಮವು ಬೇರೆ ಇರುತ್ತವೆ. ಮಸಾಲೆ ದೋಸೆ 60 ರೂಪಾಯಿ. ಸಾಮಾನು 22, ಸಂಬಳ 14, ಬಾಡಿಗೆ 10, ಗ್ಯಾಸ್ ಮತ್ತು ಕರೆಂಟ್ 5, ವೇಸ್ಟು ರಿಪೇರಿ ಎಲ್ಲ ಸೇರಿ 4. ಉಳಿಯುವುದು 5 ರೂಪಾಯಿ. ದಿನಕ್ಕೆ 200 ಪ್ಲೇಟ್ ಹೋದರೆ 1,000 ರೂಪಾಯಿ ಲಾಭ.

ಇದರಲ್ಲಿ ಸಂಬಳ, ಬಾಡಿಗೆ ಎರಡೂ ಪ್ಲೇಟ್ ಹೋಗಲಿ ಬಿಡಲಿ ಕೊಡಲೇಬೇಕು. ದಿನಕ್ಕೆ 4,800 ರೂಪಾಯಿ. ಉಳಿದ 31 ರೂಪಾಯಿ ಮಾತ್ರ ಪ್ಲೇಟಿನ ಜೊತೆ ಏರಿಳಿಯುತ್ತದೆ.

ಈಗ ಎದುರಿನವನ ಮೇಲೆ ಸಿಟ್ಟು ಬಂದು ಬೆಲೆ 55ಕ್ಕೆ ಇಳಿಸಿದಿರಿ ಅಂದುಕೊಳ್ಳಿ. ಪ್ಲೇಟಿಗೆ 24 ರೂಪಾಯಿ ಉಳಿಯುತ್ತದೆ. ಮೊದಲಿನ ಆ 1,000 ರೂಪಾಯಿ ಲಾಭಕ್ಕೇ ದಿನಕ್ಕೆ 242 ಪ್ಲೇಟ್ ಮಾರಬೇಕು. ಅಂದರೆ 42 ಪ್ಲೇಟ್ ಜಾಸ್ತಿ ದುಡಿದು, ಇದ್ದಲ್ಲೇ ಇರುತ್ತೀರಿ. ಇನ್ನೊಂದು ದಾರಿ ನೋಡೋಣ. ಒಳ್ಳೆ ಬೆಣ್ಣೆ, ಒಳ್ಳೆ ಕಾಫಿಪುಡಿ ಅಂತ ಪ್ಲೇಟಿಗೆ 6 ರೂಪಾಯಿ ಜಾಸ್ತಿ ಖರ್ಚು ಮಾಡಿ, ಬೆಲೆ 75 ಮಾಡಿದಿರಿ. ಪ್ಲೇಟಿಗೆ 38 ಉಳಿಯುತ್ತದೆ. ಗಿರಾಕಿ ಕಡಿಮೆಯಾಗಿ 160 ಪ್ಲೇಟ್ ಹೋದರೂ ದಿನಕ್ಕೆ 1,280 ರೂಪಾಯಿ ಲಾಭ. ಆದರೆ 150ಕ್ಕೆ ಇಳಿದರೆ 900 ಮಾತ್ರ, ಮೊದಲಿಗಿಂತ ಕಡಿಮೆ.

ನೋಡಿ, ಹತ್ತು ಪ್ಲೇಟಿನ ವ್ಯತ್ಯಾಸದಲ್ಲಿ ಅದೇ ದಾರಿ ಮೊದಲಿಗಿಂತ ಜಾಸ್ತಿ ಲಾಭದಿಂದ ಮೊದಲಿಗಿಂತ ಕಡಿಮೆ ಲಾಭಕ್ಕೆ ತಿರುಗುತ್ತದೆ. ಲೆಕ್ಕ ಬರೆಯದೆ ತಂತ್ರ ಮಾತಾಡಿದರೆ ಇದು ಕಣ್ಣಿಗೆ ಬೀಳುವುದೇ ಇಲ್ಲ.

ಹಂತ 3: ಮೂರು ದಾರಿಗಳಲ್ಲಿ ಒಂದನ್ನು ಹಿಡಿಯಿರಿ

ಪೋರ್ಟರ್ 1980ರಲ್ಲಿ ಸ್ಪರ್ಧಾತಂತ್ರಗಳನ್ನು ಮೂರು ಬಗೆಯಾಗಿ ವಿಂಗಡಿಸಿದರು. ಎಲ್ಲರಿಗಿಂತ ಕಡಿಮೆ ಖರ್ಚಿನಲ್ಲಿ ಮಾಡುವುದು, ಎಲ್ಲರಿಗಿಂತ ಬೇರೆಯಾಗಿ ಮಾಡುವುದು, ಕೆಲವೇ ಜನರಿಗಾಗಿ ಮಾಡುವುದು. ಆಮೇಲೆ ಎಷ್ಟೋ ಹೊಸ ಹೆಸರುಗಳು ಬಂದಿವೆ. ಬಿಚ್ಚಿ ನೋಡಿದರೆ ಹೆಚ್ಚಿನವು ಈ ಮೂರರ ಮಿಶ್ರಣಗಳೇ.

*ಕಡಿಮೆ ಖರ್ಚಿನ ದಾರಿ*

1980ರ ದಶಕದ ಮೊದಲ ವರ್ಷಗಳಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಶುರುವಾಯಿತು. ಆಮೇಲೆ ಊರೆಲ್ಲ ದರ್ಶಿನಿಗಳು ಹಬ್ಬಿದವು. ದರ್ಶಿನಿಯಲ್ಲಿ ಇರುವುದಕ್ಕಿಂತ ಇಲ್ಲದಿರುವುದನ್ನು ಗಮನಿಸಿ. ಕುರ್ಚಿ ಇಲ್ಲ. ಆರ್ಡರ್ ತೆಗೆದುಕೊಳ್ಳುವ ಸಪ್ಲೈಯರ್ ಇಲ್ಲ. ಮೊದಲೇ ದುಡ್ಡು ಕೊಟ್ಟು ಟೋಕನ್ ತೆಗೆದುಕೊಳ್ಳುವುದರಿಂದ ಆಮೇಲೆ ಬಿಲ್ ತರುವ ಕೆಲಸ ಇಲ್ಲ. ಮುಖ್ಯವಾಗಿ, ಹರಟೆ ಹೊಡೆಯುತ್ತಾ ಕೂರುವುದಕ್ಕೆ ಜಾಗವೇ ಇಲ್ಲ. ನಿಂತು ತಿನ್ನುವವರು ಕೆಲವೇ ನಿಮಿಷದಲ್ಲಿ ಕೈತೊಳೆದು ಹೊರಡುತ್ತಾರೆ. ಆ ಜಾಗಕ್ಕೆ ಇನ್ನೊಬ್ಬರು ಬರುತ್ತಾರೆ.

ಹಿಂದಿನ ಲೆಕ್ಕಕ್ಕೆ ಇದನ್ನು ಸೇರಿಸಿ. ತಿಂಗಳಿಗೆ 60,000 ರೂಪಾಯಿ ಬಾಡಿಗೆ ಇದ್ದರೆ, ದಿನಕ್ಕೆ 200 ಪ್ಲೇಟಿನಲ್ಲಿ ಒಂದರ ಮೇಲೆ 10 ರೂಪಾಯಿ ಬಾಡಿಗೆ ಬೀಳುತ್ತದೆ. ಅದೇ ಜಾಗದಲ್ಲಿ 600 ಪ್ಲೇಟ್ ಹೋದರೆ ಮೂರೂಕಾಲು ರೂಪಾಯಿ ಚಿಲ್ಲರೆ. ಕುರ್ಚಿ ತೆಗೆದಿದ್ದು ಬರೀ ಜಾಗ ಉಳಿಸುವುದಕ್ಕಲ್ಲ ಅಂತ ಈಗ ಗೊತ್ತಾಯಿತಲ್ವಾ?

ಇಲ್ಲಿ ಜನ ಎಡವುವ ಒಂದು ಕಡೆ ಇದೆ. ಕಡಿಮೆ ಬೆಲೆಗೆ ಮಾರುವುದನ್ನೇ ಕಡಿಮೆ ಖರ್ಚಿನ ತಂತ್ರ ಅಂದುಕೊಳ್ಳುತ್ತಾರೆ. ಬೆಲೆಯನ್ನು ಯಾರು ಬೇಕಾದರೂ ಒಂದು ಸ್ಲೇಟಿನ ಮೇಲೆ ಬರೆದು ಇಳಿಸಬಹುದು. ಖರ್ಚು ಇಳಿಸುವುದಕ್ಕೆ ಕೆಲಸದ ರೀತಿಯನ್ನೇ ಬದಲಿಸಬೇಕು. 1969ರಲ್ಲಿ ಅಹಮದಾಬಾದಿನ ಕರ್ಸನ್‌ಭಾಯಿ ಪಟೇಲರು ನಿರ್ಮಾ ಶುರು ಮಾಡಿದಾಗ ಪುಡಿಯನ್ನು ಮನೆಯಲ್ಲೇ ಕೈಯಲ್ಲಿ ಕಲಸಿ, ಸೈಕಲ್ಲಿನಲ್ಲಿ ಮನೆಮನೆಗೆ ಮಾರುತ್ತಿದ್ದರು. ದುಬಾರಿ ಯಂತ್ರ ಇಲ್ಲ, ದೊಡ್ಡ ಆಫೀಸಿಲ್ಲ. ಹಾಗಾಗಿ ಸರ್ಫ್‌ಗಿಂತ ಎಷ್ಟೋ ಕಡಿಮೆ ಬೆಲೆಗೆ ಮಾರಿಯೂ ದುಡ್ಡು ಉಳಿಯುತ್ತಿತ್ತು. ಹಿಂದೂಸ್ತಾನ್ ಲೀವರ್ ಇದಕ್ಕೆ ಉತ್ತರ ಕೊಡುವಾಗ ಸರ್ಫ್‌ನ ಬೆಲೆಯನ್ನು ನಿರ್ಮಾ ಮಟ್ಟಕ್ಕೆ ತರಲಿಲ್ಲ. ವೀಲ್ ಅನ್ನುವ ಬೇರೆಯೇ ಪುಡಿ ತಂದಿತು.

ಇನ್ನೊಂದು ಎಚ್ಚರಿಕೆ. 2017ರಲ್ಲಿ ಇಂದಿರಾ ಕ್ಯಾಂಟೀನ್ ಶುರುವಾದಾಗ ತಿಂಡಿಗೆ 5 ರೂಪಾಯಿ, ಊಟಕ್ಕೆ 10 ರೂಪಾಯಿ. ಅದು ಸರ್ಕಾರದ ಸಹಾಯಧನದಲ್ಲಿ ನಡೆಯುವಂಥದ್ದು. ಅದರ ಪಕ್ಕದಲ್ಲಿ ಹೋಟೆಲ್ ಇಟ್ಟವರು ಬೆಲೆಯಲ್ಲಿ ಪೈಪೋಟಿ ಕೊಡುತ್ತೇನೆ ಅಂದರೆ ಸೋಲು ಮೊದಲ ದಿನವೇ ಖಚಿತ. ನಿಮಗಿಂತ ಕಡಿಮೆ ಖರ್ಚಿನವನು ಎದುರಿಗೇ ಇದ್ದರೆ ಈ ದಾರಿ ನಿಮ್ಮದಲ್ಲ.

*ಬೇರೆತನದ ದಾರಿ*

1924ರಲ್ಲಿ ಶುರುವಾದ ಎಂಟಿಆರ್ ನೋಡಿ. ಲಾಲ್‌ಬಾಗ್ ರಸ್ತೆಯ ಹೋಟೆಲಿನಲ್ಲಿ ಜನ ಕಾಯುತ್ತಾರೆ, ಕೂತು ತಿನ್ನುತ್ತಾರೆ, ದರ್ಶಿನಿಗಿಂತ ಜಾಸ್ತಿ ದುಡ್ಡು ಕೊಡುತ್ತಾರೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದಿದ್ದಾಗ ರವೆ ಇಡ್ಲಿ ಮಾಡಿದ್ದು ತಾವೇ ಅನ್ನುವುದು ಅವರ ಹೆಮ್ಮೆ.

ಬೇರೆತನದ ತಂತ್ರಕ್ಕೆ ನನಗೆ ತಿಳಿದ ಒಳ್ಳೆಯ ಉದಾಹರಣೆ ತುರ್ತು ಪರಿಸ್ಥಿತಿಯ ದಿನಗಳದ್ದು. ಹೋಟೆಲ್ ತಿಂಡಿಗೆ ಇಷ್ಟೇ ಬೆಲೆ ಅಂತ ಸರ್ಕಾರ ಕಟ್ಟುಪಾಡು ಹಾಕಿತು. ಆ ಬೆಲೆಗೆ ಇಳಿಯಬೇಕಾದರೆ ತುಪ್ಪ, ಬೇಳೆ ಎಲ್ಲದರಲ್ಲೂ ಕೈ ಬಿಗಿ ಮಾಡಬೇಕಿತ್ತು. ಎಂಟಿಆರ್ ಹಾಗೆ ಮಾಡಲಿಲ್ಲ. ಹೋಟೆಲ್ ಮುಚ್ಚಿತು. ಮಸಾಲೆಪುಡಿ, ರವೆ ಇಡ್ಲಿ ಮಿಕ್ಸ್ ಮಾರುವ ಕಡೆ ತಿರುಗಿತು. ಹೋಟೆಲ್ ಆಮೇಲೆ ಮತ್ತೆ ತೆರೆಯಿತು. ಪುಡಿ–ಮಿಕ್ಸ್ ವ್ಯವಹಾರ ಎಷ್ಟು ಬೆಳೆಯಿತು ಅಂದರೆ 2007ರಲ್ಲಿ ಅದನ್ನು ನಾರ್ವೆಯ ಓರ್ಕ್ಲಾ ಕಂಪನಿ ಕೊಂಡುಕೊಂಡಿತು. ಹೋಟೆಲ್‌ಗಳು ಮಯ್ಯ ಕುಟುಂಬದ ಕೈಯಲ್ಲೇ ಉಳಿದವು. ಗುಣಮಟ್ಟ ಇಳಿಸುವುದೋ ವ್ಯಾಪಾರ ಬಿಡುವುದೋ ಅಂತ ಬಂದಾಗ ವ್ಯಾಪಾರ ಬಿಟ್ಟರು ನೋಡಿ, ಆ ಗಟ್ಟಿತನ ಇಲ್ಲದೆ ಈ ದಾರಿ ಹಿಡಿಯಬಾರದು.

ಬೇರೆತನ ಅಂದರೆ ನಿಮಗೆ ಚೆಂದ ಕಾಣುವುದಲ್ಲ, ಗಿರಾಕಿ ಅದಕ್ಕೆ ದುಡ್ಡು ಬಿಚ್ಚಬೇಕು. ಗೋಡೆಗೆ ಮೂರು ಲಕ್ಷದ ಚಿತ್ತಾರ ಮಾಡಿಸಿ, ಕಾಫಿಗೆ ಎರಡು ರೂಪಾಯಿ ಜಾಸ್ತಿ ಮಾಡಿದಾಗ ಜನ ಮುಖ ಸಿಂಡರಿಸಿದರೆ ಅದು ಬರೀ ಖರ್ಚು. ಬೇರೆತನ ಸುಲಭಕ್ಕೆ ಸಿಗದ ವಸ್ತುವಿನಲ್ಲಿ ಬೇರೂರಿದ್ದರೆ ಬಾಳಿಕೆ ಜಾಸ್ತಿ. 1916ರಲ್ಲಿ ಮೈಸೂರು ಸಂಸ್ಥಾನ ಶ್ರೀಗಂಧದೆಣ್ಣೆ ತೆಗೆಯಲು ಶುರು ಮಾಡಿತು. ಅದೇ ಎಣ್ಣೆಯ ಮೈಸೂರು ಸ್ಯಾಂಡಲ್ ಸೋಪು ಇವತ್ತಿಗೂ ಗಂಧದ ಹೆಸರಿನಲ್ಲೇ ಮಾರಾಟವಾಗುತ್ತಿದೆ.

*ಕೆಲವೇ ಜನರ ದಾರಿ*

ದಾವಣಗೆರೆ ಬೆಣ್ಣೆ ದೋಸೆಯ ಅಂಗಡಿಗೆ ಹೋಗಿ ಪೂರಿ–ಸಾಗು ಕೇಳಿದರೆ ಅಲ್ಲಿಯವರು ನಿಮ್ಮನ್ನೇ ವಿಚಿತ್ರವಾಗಿ ನೋಡುತ್ತಾರೆ. ದೋಸೆ, ಬೆಣ್ಣೆ, ಆಲೂಗಡ್ಡೆ ಪಲ್ಯ, ಚಟ್ನಿ. ಮುಗಿಯಿತು. ಎಲ್ಲರನ್ನೂ ಕರೆಯುವುದಿಲ್ಲ, ಬೆಣ್ಣೆ ದೋಸೆ ಬೇಕಾದವರನ್ನು ಮಾತ್ರ ಕರೆಯುತ್ತಾರೆ. ಸಾಮಾನು ಕಡಿಮೆ, ವೇಸ್ಟ್ ಕಡಿಮೆ, ಮಾಸ್ಟರ್ ಕೈ ಒಂದೇ ಕೆಲಸದಲ್ಲಿ ಪಳಗಿರುತ್ತದೆ.

ಇದರಲ್ಲೂ ಎರಡು ಬಗೆ. ಬೆಣ್ಣೆ ದೋಸೆಯದು ಬೇರೆತನದ ಬಗೆ. ಪೀಜಿಗಳಿಗೆ, ಫ್ಯಾಕ್ಟರಿಗಳಿಗೆ ತಿಂಗಳ ಲೆಕ್ಕದಲ್ಲಿ ಊಟ ಕಳಿಸುವ ಮೆಸ್ಸಿನದು ಕಡಿಮೆ ಖರ್ಚಿನ ಬಗೆ. ನಾಳೆ ಎಷ್ಟು ಊಟ ಬೇಕು ಅನ್ನುವುದು ಅವರಿಗೆ ಇವತ್ತೇ ಗೊತ್ತಿರುವುದರಿಂದ ಒಂದು ಹಿಡಿ ಅನ್ನವೂ ದಂಡವಾಗುವುದಿಲ್ಲ. ಹೊಸದಾಗಿ, ಕಡಿಮೆ ಬಂಡವಾಳದಲ್ಲಿ ಶುರು ಮಾಡುವವರಿಗೆ ನಾನು ಮೊದಲು ಹೇಳುವುದು ಈ ಮೂರನೆಯ ದಾರಿಯನ್ನೇ. ಅಪಾಯ ಅಂದರೆ ಗಿರಾಕಿ ವರ್ಗ ತೀರಾ ಚಿಕ್ಕದಾಗುವುದು. ಅದೊಂದೇ ಫ್ಯಾಕ್ಟರಿ ನಿಮ್ಮ ಗಿರಾಕಿಯಾದರೆ, ಅದು ಊರ ಹೊರಗೆ ಹೋದ ದಿನ ನಿಮ್ಮ ಒಲೆಯೂ ಆರುತ್ತದೆ.

ಹಂತ 4: ಬಿಡುವ ಪಟ್ಟಿ ಬರೆಯಿರಿ

ಈಗ ಆ ಮೂರನೆಯ ಪ್ರಶ್ನೆಗೆ ಬರೋಣ. ನೀವು ಹಿಡಿದ ದಾರಿಗೋಸ್ಕರ ಯಾವುದನ್ನು ಬಿಡುತ್ತೀರಿ? ಕನಿಷ್ಠ ನಾಲ್ಕೈದು ಬರೆಯಿರಿ. ಬರೆಯುವಾಗ ಸ್ವಲ್ಪ ಹೊಟ್ಟೆ ಉರಿಯಬೇಕು. "ಕೆಟ್ಟ ಎಣ್ಣೆ ಬಳಸುವುದಿಲ್ಲ" ಅನ್ನುವುದು ಪಟ್ಟಿಗೆ ಬರುವುದಿಲ್ಲ, ಅದನ್ನು ಯಾರೂ ಮಾಡಬಾರದು. "ಸಂಜೆ ಗೋಬಿ ಮಂಚೂರಿ ಇಡುವುದಿಲ್ಲ, ಜನ ಕೇಳಿದರೂ" ಅನ್ನುವುದು ಬರುತ್ತದೆ.

ಬಿಡದೇ ಹೋದರೆ ಏನಾಗುತ್ತದೆ ಅನ್ನುವುದಕ್ಕೆ ಹೋಟೆಲ್ ಬಿಟ್ಟು ಒಂದು ಸಲ ವಿಮಾನದ ಕಡೆ ಹೋಗೋಣ. ಕಥೆ ಬೆಂಗಳೂರಿನದ್ದೇ.

ಕ್ಯಾಪ್ಟನ್ ಜಿ. ಆರ್. ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಶುರು ಮಾಡಿದರು. ಹುಬ್ಬಳ್ಳಿಯಂಥ ಊರುಗಳಿಗೆ ಸಣ್ಣ ಎಟಿಆರ್ ವಿಮಾನ ಹಾರಿಸಿದರು. ಪುಕ್ಕಟೆ ಊಟ ಇಲ್ಲ, ನೀರಿಗೂ ದುಡ್ಡು. ಬದಲಿಗೆ ಟಿಕೆಟ್ ಅಗ್ಗ, ಕೆಲವೊಮ್ಮೆ ಒಂದು ರೂಪಾಯಿಗೂ ಮಾರಿದರು. 2005ರಲ್ಲಿ ವಿಜಯ್ ಮಲ್ಯ ಅವರ ಕಿಂಗ್‌ಫಿಷರ್ ಏರ್‌ಲೈನ್ಸ್ ಇದಕ್ಕೆ ಪೂರ್ತಿ ಉಲ್ಟಾ ದಾರಿಯಲ್ಲಿ ಬಂತು. ಪ್ರತಿ ಸೀಟಿಗೂ ಟಿವಿ, ಒಳ್ಳೆ ಊಟ, ರಾಜೋಪಚಾರ. ಎರಡೂ ದಾರಿ ಬೇರೆ ಬೇರೆಯಾಗಿ ಅರ್ಥವಾಗುವಂಥವೇ.

2007ರಲ್ಲಿ ಕಿಂಗ್‌ಫಿಷರ್ ಡೆಕ್ಕನ್‌ನ ಪಾಲು ಕೊಂಡಿತು. ಆಗಿನ ನಿಯಮದಂತೆ ವಿದೇಶಕ್ಕೆ ಹಾರಲು ದೇಶದೊಳಗೆ ಐದು ವರ್ಷ ಹಾರಿರಬೇಕಿತ್ತು. ಡೆಕ್ಕನ್‌ಗೆ 2008ರಲ್ಲೇ ಐದು ವರ್ಷ ತುಂಬುತ್ತಿತ್ತು. ಆ ಅನುಮತಿಯ ಆಸೆಯಲ್ಲಿ ಎರಡು ಉಲ್ಟಾ ತಂತ್ರಗಳು ಒಂದೇ ಸೂರಿನಡಿ ಬಂದವು. ಡೆಕ್ಕನ್ ಹೋಗಿ ಕಿಂಗ್‌ಫಿಷರ್ ರೆಡ್ ಆಯಿತು. ಅಗ್ಗದ ಟಿಕೆಟ್ಟಿನವರಿಗೆ ಅದು ಡೆಕ್ಕನ್‌ನಂತೆ ಅಗ್ಗವಾಗಿ ಉಳಿಯಲಿಲ್ಲ. ಜಾಸ್ತಿ ಕೊಡುವವರಿಗೆ ಅದೇ ಕೆಂಪು ಬಣ್ಣ ಕಡಿಮೆಗೆ ಸಿಗುವಾಗ ದುಬಾರಿ ಟಿಕೆಟ್ ಯಾಕೆ ಅನ್ನಿಸಿತು. 2008ರಲ್ಲಿ ಇಂಧನದ ಬೆಲೆ ಏರಿದ್ದೂ, ಸಾಲದ ಹೊರೆಯೂ ಪತನಕ್ಕೆ ಕಾರಣ, ಎಲ್ಲವನ್ನೂ ತಂತ್ರದ ತಲೆಗೆ ಕಟ್ಟುವಂತಿಲ್ಲ. 2011ರಲ್ಲಿ ರೆಡ್ ನಿಲ್ಲಿಸುವುದಾಗಿ ಮಲ್ಯ ಹೇಳಿದರು. 2012ರ ಅಕ್ಟೋಬರ್‌ನಲ್ಲಿ ಎಲ್ಲ ವಿಮಾನಗಳೂ ನಿಂತವು.

ಅದೇ ಕಾಲದಲ್ಲಿ, 2006ರಲ್ಲಿ ಶುರುವಾದ ಇಂಡಿಗೋ ಹತ್ತು ವರ್ಷಕ್ಕೂ ಮೇಲೆ ಏರ್‌ಬಸ್ ಎ320 ಬಳಗದ ವಿಮಾನ ಬಿಟ್ಟು ಬೇರೆ ಇಟ್ಟುಕೊಳ್ಳಲಿಲ್ಲ. ಒಂದೇ ಬಗೆಯ ಬಿಡಿಭಾಗ, ಒಂದೇ ಬಗೆಯ ಪೈಲಟ್ ತರಬೇತಿ. ಬಿಸಿನೆಸ್ ಕ್ಲಾಸ್ ಕೂಡ ಇಡಲಿಲ್ಲ. ಅದರ ಬಿಡುವ ಪಟ್ಟಿ ಉದ್ದ ಇತ್ತು.

ಹಂತ 5: ನಕಲು ಮಾಡಿದರೆ ಎದುರಾಳಿಗೆ ನೋವಾಗುತ್ತದಾ?

ನಿಮ್ಮ ತಂತ್ರ ಗಟ್ಟಿಯಾಗಿದೆಯಾ ಅಂತ ನೋಡಲು ಎದುರಾಳಿಯ ಕುರ್ಚಿಯಲ್ಲಿ ಕೂತು ಯೋಚಿಸಿ. ನೀವು ಮಾಡಿದ್ದನ್ನು ಮಾಡಬೇಕಾದರೆ ಅವನು ತನ್ನ ಕೈಯಲ್ಲಿರುವ ಏನನ್ನಾದರೂ ಕಳೆದುಕೊಳ್ಳಬೇಕಾ? ಏನೂ ಇಲ್ಲ ಅಂದರೆ ಅವನು ಬಂದೇ ಬರುತ್ತಾನೆ.

ಐಡಿ ಫ್ರೆಶ್‌ನ ಹಸಿ ಹಿಟ್ಟನ್ನೇ ತೆಗೆದುಕೊಳ್ಳಿ. ಪ್ರಿಸರ್ವೇಟಿವ್ ಹಾಕುವುದಿಲ್ಲ ಅಂದಮೇಲೆ ಹಿಟ್ಟು ಕೆಲವೇ ದಿನ ಬಾಳುತ್ತದೆ. ಹಾಗಾಗಿ ದಿನಾ ಅಂಗಡಿಗೆ ಮುಟ್ಟಿಸಬೇಕು. ತಣ್ಣಗಿಡುವ ಗಾಡಿ ಬೇಕು. ಯಾವ ಅಂಗಡಿಯಲ್ಲಿ ನಾಳೆ ಎಷ್ಟು ಪ್ಯಾಕೆಟ್ ಹೋಗುತ್ತದೆ ಅನ್ನುವ ಅಂದಾಜು ಸರಿ ಇರಬೇಕು, ಇಲ್ಲದಿದ್ದರೆ ಹುಳಿ ಬಂದ ಹಿಟ್ಟು ವಾಪಸ್ಸಾಗುತ್ತದೆ. ಒಂದು ನಿರ್ಧಾರ ಇನ್ನೊಂದನ್ನು ಎಳೆದುಕೊಂಡು ಬರುತ್ತದೆ. ತಿಂಗಳುಗಟ್ಟಲೆ ಕೆಡದ ಒಣ ಮಿಕ್ಸ್ ಮಾರಿ ಅಭ್ಯಾಸವಾದ ಕಂಪನಿಗೆ ಹಿಟ್ಟು ರುಬ್ಬುವುದು ಕಷ್ಟವಲ್ಲ. ಈ ದಿನನಿತ್ಯದ ಓಡಾಟವನ್ನು ಹೊಸದಾಗಿ ಕಟ್ಟುವುದು ಕಷ್ಟ.

ನಿಮ್ಮ ಮುಖ್ಯ ಕೆಲಸಗಳನ್ನು ಒಂದು ಹಾಳೆಯಲ್ಲಿ ಬರೆದು, ಒಂದಕ್ಕೊಂದು ಆಧಾರವಾಗಿರುವವುಗಳ ನಡುವೆ ಗೆರೆ ಎಳೆಯಿರಿ. ಯಾವುದಕ್ಕೂ ಗೆರೆ ಸೇರದ ಕೆಲಸ ಸಿಕ್ಕರೆ, ಅದನ್ನು ಯಾಕೆ ಮಾಡುತ್ತಿದ್ದೀರಿ ಅಂತ ಕೇಳಿಕೊಳ್ಳಿ. ಎಷ್ಟೋ ಸಲ ಉತ್ತರ "ಪಕ್ಕದವನು ಮಾಡುತ್ತಾನೆ ಅಂತ" ಅಂದೇ ಬರುತ್ತದೆ.

ಹಂತ 6: ಸಣ್ಣದಾಗಿ ಪರೀಕ್ಷಿಸಿ

ಇದ್ದಕ್ಕಿದ್ದಂತೆ ಇಡೀ ಹೋಟೆಲ್ ಬದಲಿಸಬೇಡಿ. ಬೆಲೆ ಏರಿಸುವ ಯೋಚನೆ ಇದ್ದರೆ ಒಂದೇ ಪದಾರ್ಥದಲ್ಲಿ ಏರಿಸಿ, ಒಂದು ತಿಂಗಳು ಪ್ಲೇಟ್ ಎಣಿಸಿ. ಮೆನು ಕಿರಿದು ಮಾಡುವುದಿದ್ದರೆ ಕಡಿಮೆ ಹೋಗುವ ಮೂರು ಪದಾರ್ಥ ತೆಗೆದು ನೋಡಿ. ಹಂತ 2ರಲ್ಲಿ ಬಂದ ಸಂಖ್ಯೆ (ನಮ್ಮ ಉದಾಹರಣೆಯಲ್ಲಿ 150 ಮತ್ತು 160ರ ನಡುವಿನ ಗೆರೆ) ಗಲ್ಲಾಪೆಟ್ಟಿಗೆಯ ಪಕ್ಕದಲ್ಲೇ ಬರೆದಿಡಿ. ಕ್ಯಾಷಿಯರ್‌ಗೂ ದೋಸೆ ಮಾಸ್ಟರ್‌ಗೂ ಬಿಡುವ ಪಟ್ಟಿ ಗೊತ್ತಿರಲಿ. ಗಿರಾಕಿ "ಅದು ಇಲ್ವಾ?" ಅಂತ ಕೇಳಿದಾಗ ಉತ್ತರ ಕೊಡಬೇಕಾದವರು ಅವರು.

ಹಂತ 7: ಬದಲಿಸುವ ಹೊತ್ತು ಯಾವಾಗ?

ಹಿಡಿದ ದಾರಿಯನ್ನು ಆರು ತಿಂಗಳಿಗೊಮ್ಮೆ ಬದಲಿಸುವುದೂ ತಪ್ಪು, ನೆಲವೇ ಜಾರಿದಾಗ ಗಟ್ಟಿಯಾಗಿ ನಿಲ್ಲುವುದೂ ತಪ್ಪು. ಬೆಂಗಳೂರಿನ ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ಸಹಯೋಗದಲ್ಲಿ ಕೈಗಡಿಯಾರ ಮಾಡತೊಡಗಿತು. ಜನತಾ, ಪೈಲಟ್, ಕಾಂಚನ ಮಾದರಿಗಳಿಗೆ ಜನ ಕಾದು ಕೊಳ್ಳುತ್ತಿದ್ದರು. 1980ರ ದಶಕದಲ್ಲಿ ಬ್ಯಾಟರಿಯಿಂದ ನಡೆಯುವ ಕ್ವಾರ್ಟ್ಜ್ ಗಡಿಯಾರ ಬಂತು. ಎಚ್‌ಎಂಟಿಗೆ ಅದು ಗೊತ್ತಿಲ್ಲದೇ ಇರಲಿಲ್ಲ, ಅವರೇ ಕ್ವಾರ್ಟ್ಜ್ ವಾಚು ಮಾಡಿದ್ದರು. ಆದರೆ ಕಾರ್ಖಾನೆ, ಕಾರ್ಮಿಕರ ಕೈಚಳಕ ಎಲ್ಲವೂ ಕೀಲಿ ಕೊಡುವ ಗಡಿಯಾರದ ಸುತ್ತ ಕಟ್ಟಿದ್ದು. ಅದೇ ಹೊತ್ತಿಗೆ ಟಾಟಾ ಮತ್ತು ತಮಿಳುನಾಡು ಸರ್ಕಾರದ ಕೈಗಾರಿಕಾ ನಿಗಮ ಟಿಡ್ಕೊ ಸೇರಿ 1984ರಲ್ಲಿ ಕಟ್ಟಿದ ಟೈಟನ್, ಹತ್ತಿರದ ಹೊಸೂರಿನಲ್ಲಿ ಕ್ವಾರ್ಟ್ಜ್ ಮೇಲೇ ಪೂರ್ತಿ ನಿಂತಿತು. ಗಡಿಯಾರವನ್ನು ಉಡುಗೊರೆಯಾಗಿ, ಅಲಂಕಾರವಾಗಿ ಮಾರಿತು. ತನ್ನದೇ ಶೋರೂಂ ತೆರೆಯಿತು. 2016ರಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸರ್ಕಾರ ತೀರ್ಮಾನಿಸಿತು.

ನಿಮ್ಮ ವ್ಯಾಪಾರದಲ್ಲಿ ಗಮನಿಸಬೇಕಾದ ಸೂಚನೆಗಳು ಇವು. ಹಳೆ ಗಿರಾಕಿಗಳು ಬರುವುದು ಕಡಿಮೆಯಾಗಿ, ಅವರು ಯಾವ ಎದುರಾಳಿಯ ಹತ್ತಿರವೂ ಹೋಗದಿದ್ದರೆ ಬದಲಿ ವಸ್ತು ಬಂದಿದೆ ಅಂತ ಅರ್ಥ. ಬೆಲೆ ಏರಿಸದಿದ್ದರೂ ಪ್ಲೇಟ್ ಎಣಿಕೆ ಸತತ ಮೂರು ತಿಂಗಳು ಇಳಿದರೆ ಹಂತ 1ರ ಹಾಳೆಯನ್ನು ಹೊಸದಾಗಿ ಬರೆಯಿರಿ. ಬಿಡುವ ಪಟ್ಟಿಯಲ್ಲಿದ್ದ ಒಂದೊಂದೇ ಪದಾರ್ಥ "ಈ ಸಲ ಮಾತ್ರ" ಅಂತ ಮೆನುವಿಗೆ ವಾಪಸ್ ಬರುತ್ತಿದ್ದರೆ, ಹೊಸ ತಂತ್ರ ಹುಡುಕುವ ಮೊದಲು ಅವನ್ನು ತೆಗೆದುಹಾಕಿ ಒಂದು ತಿಂಗಳ ಲೆಕ್ಕ ನೋಡಿ. ಹಳೆಯ ತಂತ್ರ ಸೋತಿದೆಯೋ ಅಥವಾ ಅದನ್ನು ಪಾಲಿಸುವುದನ್ನೇ ನಿಲ್ಲಿಸಿದ್ದೀರೋ ಅಂತ ಆಗ ಗೊತ್ತಾಗುತ್ತದೆ.